ಬ್ರಿಟಿಷರ ಕಾಲದಲ್ಲಿ ಎಲ್ಲಾ ಅಗ್ಗ ಇತ್ತಾ? ಮುಂಬಯಿ ಗಿರಣಿ ಬೀದಿಯ ಲೆಕ್ಕ

ಓದುಗರ ಪ್ರಶ್ನೆ: "ಆಗಿನ ಕಾಲದಲ್ಲಿ ಒಂದಾಣೆ ಕೊಟ್ರೆ ಚೀಲ ತುಂಬ ಸಾಮಾನು ಬರ್ತಿತ್ತು ಅಂತ ಮನೆಯ ಹಿರಿಯರು ಹೇಳ್ತಾರೆ. ನಿಜವಾಗ್ಲೂ ಎಲ್ಲಾ ಅಷ್ಟು ಅಗ್ಗ ಇತ್ತಾ?"

ಬೆಲೆಯ ಅಂಕಿ ಚಿಕ್ಕದಾಗಿತ್ತು, ಅದು ಹದಿನಾರಾಣೆ ನಿಜ. ಆದರೆ ಅಗ್ಗ ಇತ್ತಾ ಅಂದರೆ, ಯಾರಿಗೆ ಅಂತ ತಿರುಗಿ ಕೇಳಬೇಕಾಗುತ್ತದೆ. ಉತ್ತರ ಹುಡುಕಲು ನಾನು ಮುಂಬಯಿಗೆ ಹೋಗುತ್ತೇನೆ, 1900ರಿಂದ 1930ರ ನಡುವಿನ ಮುಂಬಯಿಗೆ. ಅಲ್ಲಿನ ಬಟ್ಟೆ ಗಿರಣಿ ಕೆಲಸಗಾರರ ಮನೆಖರ್ಚನ್ನು ಯಾರೋ ಕೂತು ಸರಿಯಾಗಿ ಬರೆದಿಟ್ಟಿದ್ದಾರೆ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯವರಿಗೆ ಆಗ ಮುಂಬಯಿಯೇ ರಾಜಧಾನಿ, ಹಾಗಾಗಿ ಈ ಲೆಕ್ಕ ನಮಗೆ ತೀರಾ ದೂರದ್ದೂ ಅಲ್ಲ.

ಮೊದಲು ನಾಣ್ಯ ತಿಳಿದುಕೊಳ್ಳಿ. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಒಂದು ರೂಪಾಯಿ ಒಡೆದರೆ 192 ಪೈ. ಹಳೆ ಲೆಕ್ಕದ ಪುಸ್ತಕದಲ್ಲಿ 5-4-6 ಅಂತ ಇದ್ದರೆ ಅದು ಐದು ರೂಪಾಯಿ, ನಾಲ್ಕಾಣೆ, ಆರು ಪೈ. ರೂಪಾಯಿಗೆ 100 ಪೈಸೆ ಬಂದಿದ್ದು 1957ರಲ್ಲಿ. ಈ ಪೈ, ಪೈಸೆ ಸುಮ್ನೆ ಲೆಕ್ಕಕ್ಕೆ ಇದ್ದವಲ್ಲ. ಬಡವರ ದಿನದ ವ್ಯಾಪಾರ ನಡೆಯುತ್ತಿದ್ದುದೇ ಅದರಲ್ಲಿ. ಒಂದು ಪೈಸೆಗೆ ಒಂದು ಪೋಸ್ಟ್‌ಕಾರ್ಡ್ ಬರುತ್ತಿತ್ತು, 1879ರಲ್ಲಿ ಶುರುವಾದ ಆ ದರ 1922ರವರೆಗೆ ಬದಲಾಗಲಿಲ್ಲ. ಆಮೇಲೆ ಒಮ್ಮೆಲೇ ಎರಡು ಪಟ್ಟು, ಅರ್ಧ ಆಣೆ.

ಈಗ ಸಂಬಳ. ಮುಂಬಯಿ ಸರ್ಕಾರದ ಲೇಬರ್ ಆಫೀಸ್ 1921-22ರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ದುಡಿಯುವ ಕುಟುಂಬಗಳ ಮನೆಗೆ ಹೋಗಿ ಖರ್ಚು-ವೆಚ್ಚ ಕೇಳಿ ಬರೆದುಕೊಂಡಿತು. ಒಂದು ಕುಟುಂಬದ ತಿಂಗಳ ಆದಾಯ ಸರಾಸರಿ 52 ರೂಪಾಯಿ 4 ಆಣೆ 6 ಪೈ. ಇದು ಒಬ್ಬನ ಸಂಬಳ ಅಂದುಕೊಳ್ಳಬೇಡಿ. ಗಂಡ, ಹೆಂಡತಿ, ದೊಡ್ಡ ಮಗ, ಮನೆಯಲ್ಲಿ ಯಾರ್ಯಾರು ದುಡಿಯುತ್ತಿದ್ದರೋ ಅಷ್ಟೂ ಜನರದ್ದು ಸೇರಿ ಇಷ್ಟು. ನೂರು ರೂಪಾಯಿ ಖರ್ಚಿನಲ್ಲಿ ಹತ್ತಿರಹತ್ತಿರ 57 ರೂಪಾಯಿ ಬರೀ ಊಟಕ್ಕೆ ಹೋಗುತ್ತಿತ್ತು. ಬಾಡಿಗೆಗೆ ಎಂಟರಷ್ಟು, ಅದೂ ನೂರರಲ್ಲಿ 97 ಕುಟುಂಬ ಚಾಳಿನ (ಸಾಲುಕೋಣೆಗಳ ಬಾಡಿಗೆ ಕಟ್ಟಡದ) ಒಂದೇ ಕೋಣೆಯಲ್ಲಿ ಇದ್ದುಕೊಂಡು.

ಅರ್ಧಕ್ಕಿಂತ ಜಾಸ್ತಿ ಹಣ ಊಟಕ್ಕೆ ಸುರಿದರೂ ಹೊಟ್ಟೆ ತುಂಬುತ್ತಿತ್ತಾ? ಲೇಬರ್ ಆಫೀಸಿನ ಆ ವರದಿಯಲ್ಲಿ ನನ್ನನ್ನು ತುಂಬಾ ಕಾಡಿದ ಮಾತು ಇದಕ್ಕೇ ಸಂಬಂಧಿಸಿದ್ದು. ಬರಗಾಲದ ಪರಿಹಾರ ಕೆಲಸಕ್ಕೆ ಬಂದವರಿಗೆ ಸರ್ಕಾರ ಎಷ್ಟು ಧಾನ್ಯ ಗೊತ್ತುಮಾಡಿತ್ತೋ, ಗಿರಣಿಯವರು ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತಿದ್ದರು. ಮುಂಬಯಿ ಜೈಲಿನ ಕೈದಿಗೆ ನಿಯಮದ ಪ್ರಕಾರ ಸಿಗಬೇಕಾದ ಊಟಕ್ಕಿಂತ ಅದು ಕಡಿಮೆ. ದೇಶದ ಅತಿ ದೊಡ್ಡ ಉದ್ಯಮದಲ್ಲಿ ದಿನವಿಡೀ ನಿಂತು ದುಡಿಯುವವನ ತಟ್ಟೆ ಅದು. ಇಷ್ಟು ಗೊತ್ತಾದ ಮೇಲೆ "ಅಗ್ಗದ ಕಾಲ" ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಬೆಲೆ ನಿಂತ ನೀರಿನಂತೆ ಇತ್ತು ಅನ್ನುವುದೂ ಸರಿಯಲ್ಲ. ಮೊದಲ ಮಹಾಯುದ್ಧದ ಮುಂಚಿನ ಬೆಲೆಗೆ ಹೋಲಿಸಿದರೆ 1920ರ ಹೊತ್ತಿಗೆ ಮುಂಬಯಿಯಲ್ಲಿ ಬದುಕುವ ಖರ್ಚು ಹತ್ತಿರಹತ್ತಿರ ಎರಡು ಪಟ್ಟಾಗಿತ್ತು. ರೂಪಾಯಿ ನಾಣ್ಯದ ಬೆಳ್ಳಿಗೆ ಬರ ಬಂದು 1917ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ಬಂತು, ಹಿಂದೆಯೇ ಎರಡಾಣೆ, ನಾಲ್ಕಾಣೆಯ ನಿಕಲ್ ನಾಣ್ಯಗಳು. 1919ರ ಜನವರಿಯಲ್ಲಿ ಲಕ್ಷಕ್ಕೂ ಹೆಚ್ಚು ಗಿರಣಿ ಕೆಲಸಗಾರರು ಮುಷ್ಕರಕ್ಕೆ ಇಳಿದರು. ಸಂಬಳದಲ್ಲಿ ಮನೆ ನಡೆಸುವುದು ಆಗದ ಸ್ಥಿತಿ ಬಂದಿತ್ತು.

ಇನ್ನು ಅಸಲು ವಿಷಯಕ್ಕೆ ಬರೋಣ. ಹಳೆ ಕಾಲದ ಬೆಲೆಪಟ್ಟಿಗಳಲ್ಲಿ ಇದು ಎಲ್ಲೂ ಕಾಣುವುದಿಲ್ಲ. ಗಿರಣಿ ಬೀದಿಯ ಬಹುಪಾಲು ವ್ಯಾಪಾರ ನಗದಿನಲ್ಲಿ ನಡೆಯುತ್ತಲೇ ಇರಲಿಲ್ಲ, ಉದ್ರಿಯಲ್ಲಿ ನಡೆಯುತ್ತಿತ್ತು.

ಯಾಕೆ ಅಂತ ನೋಡಿ. ಗಿರಣಿಯಲ್ಲಿ ಪಗಾರ ತಿಂಗಳಿಗೊಮ್ಮೆ, ಅದೂ ತಿಂಗಳು ಮುಗಿದ ಕೂಡಲೇ ಅಲ್ಲ, ಮುಂದಿನ ತಿಂಗಳ ಹತ್ತು-ಹದಿನೈದನೇ ತಾರೀಖಿನ ಸುಮಾರಿಗೆ. ರತ್ನಾಗಿರಿಯಿಂದಲೋ ಸಾತಾರಾದಿಂದಲೋ ಬಂದು ಒಂದನೇ ತಾರೀಖು ಕೆಲಸಕ್ಕೆ ಸೇರಿದವನು ಮೊದಲ ಪಗಾರ ನೋಡಲು ಒಂದೂವರೆ ತಿಂಗಳು ಕಾಯಬೇಕು. ಅದಕ್ಕೂ ಮೊದಲು ಕೆಲಸ ಕೊಡಿಸಿದ ಜಾಬರ್‌ನ (ಗಿರಣಿಗೆ ಆಳು ಸೇರಿಸುವ ಮೇಸ್ತ್ರಿಯ) ಕೈ ಬೆಚ್ಚಗೆ ಮಾಡಬೇಕು, ಅದಕ್ಕೆ ದಸ್ತೂರಿ ಅನ್ನುತ್ತಿದ್ದರು. ಅಲ್ಲಿಯವರೆಗೆ ಊಟ? ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದ ಗಂಡಸರಿಗೆ ಖಾನಾವಳಿ. ಇವುಗಳನ್ನು ಹೆಚ್ಚಾಗಿ ಹೆಂಗಸರೇ ನಡೆಸುತ್ತಿದ್ದರು, ಗಂಡನನ್ನು ಕಳೆದುಕೊಂಡವರೂ ಅದರಲ್ಲಿ ಬಹಳ. ಒಂದೇ ಕೋಣೆಯಲ್ಲಿ ಹತ್ತಾರು ಜನಕ್ಕೆ ರೊಟ್ಟಿ, ಅನ್ನ, ಪಲ್ಯ ಮಾಡಿ ಬಡಿಸಿ, ಪಗಾರ ಆದಾಗ ದುಡ್ಡು. ಹುಬ್ಬಳ್ಳಿ-ಧಾರವಾಡದವರಿಗೆ ಖಾನಾವಳಿ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಆ ಹೆಂಗಸರ ಬಗ್ಗೆ ನನಗೆ ಅಪಾರ ಗೌರವ. ಗಿರಣಿ ನಿಂತಿದ್ದೇ ಇವರ ಸಾಲದ ಊಟದ ಮೇಲೆ ಅಂದರೆ ತಪ್ಪಲ್ಲ, ಯಾಕೆಂದರೆ ಮಾಲೀಕ ತಡಮಾಡಿದ ಅಷ್ಟೂ ದಿನ ಕೆಲಸಗಾರನ ಹೊಟ್ಟೆ ನೋಡಿಕೊಂಡವರು ಇವರು.

ಕುಟುಂಬ ಇದ್ದವರಿಗೆ ವಾಣಿ, ಅಂದರೆ ದಿನಸಿ ಅಂಗಡಿಯವನು. ಅಕ್ಕಿ, ಜೋಳ, ಎಣ್ಣೆ ದಿನದಿನಕ್ಕೆ ಚೂರುಚೂರು ತರುವುದು, ಖಾತೆಗೆ ಬರೆಸುವುದು, ಪಗಾರದ ದಿನ ಚುಕ್ತಾ. ಉದ್ರಿ ಗಿರಾಕಿ ಚೌಕಾಶಿ ಮಾಡುವ ಹಾಗಿಲ್ಲ, ಬೇರೆ ಅಂಗಡಿಗೆ ಹೋಗುವ ಹಾಗಿಲ್ಲ, ಕೊಟ್ಟ ಮಾಲು ತೆಗೆದುಕೊಳ್ಳಬೇಕು. ಅಂದರೆ ಪೇಟೆಯಲ್ಲಿ ಅಕ್ಕಿಗೆ ಏನು ಬೆಲೆ ಇತ್ತೋ, ಚಾಳಿನ ಹೆಂಗಸು ಕೊಡುತ್ತಿದ್ದ ಬೆಲೆ ಅದಲ್ಲ. ಹಾಗಂತ ವಾಣಿಯನ್ನು ಪೂರ್ತಿ ಕೆಟ್ಟವನನ್ನಾಗಿ ಮಾಡುವುದೂ ಬೇಡ. ಮುಷ್ಕರದ ದಿನಗಳಲ್ಲಿ ಮನೆಯ ಒಲೆ ಉರಿಯುತ್ತಿದ್ದುದು ಅವನು ಖಾತೆ ಮುಚ್ಚದೆ ಇದ್ದರೆ ಮಾತ್ರ.

ಖಾತೆ ತೀರದಿದ್ದರೆ ಬಡ್ಡಿ ಸಾಲ. ಲೇಬರ್ ಆಫೀಸಿನವರು ನೋಡಿದ ಕುಟುಂಬಗಳಲ್ಲಿ ನೂರಕ್ಕೆ 47 ಸಾಲದಲ್ಲಿದ್ದವು. ರೂಢಿಯ ದರ ರೂಪಾಯಿಗೆ ತಿಂಗಳಿಗೆ ಒಂದಾಣೆ. ಕೇಳಲು ಏನೂ ಅನ್ನಿಸುವುದಿಲ್ಲ, ಅಲ್ವಾ? ಲೆಕ್ಕ ಹಾಕಿ. ಮದುವೆಗೋ ಕಾಯಿಲೆಗೋ 25 ರೂಪಾಯಿ ತಂದರೆ ತಿಂಗಳಿಗೆ 25 ಆಣೆ ಬಡ್ಡಿ, ಅಂದರೆ 1 ರೂಪಾಯಿ 9 ಆಣೆ. ವರ್ಷಕ್ಕೆ 18 ರೂಪಾಯಿ 12 ಆಣೆ. ಇಷ್ಟು ಕಟ್ಟಿದ ಮೇಲೂ ಅಸಲು 25 ಹಾಗೇ ಇರುತ್ತದೆ. ನೂರಕ್ಕೆ 75ರ ಬಡ್ಡಿ ಇದು. "ಒಂದಾಣೆಗೆ ಏನೆಲ್ಲಾ ಬರ್ತಿತ್ತು" ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಒಂದಾಣೆಗೆ ಒಂದು ರೂಪಾಯಿ ಸಾಲ ಬರುತ್ತಿತ್ತು, ಒಂದೇ ತಿಂಗಳಿಗೆ.

ಪಗಾರದ ದಿನ ಗಿರಣಿ ಬಾಗಿಲಲ್ಲಿ ಸಾಲ ಕೊಟ್ಟ ಪಠಾಣರು ದೊಣ್ಣೆ ಹಿಡಿದು ನಿಂತಿರುತ್ತಿದ್ದರು, ಕೈಗೆ ಬಂದದ್ದು ಮನೆ ತಲುಪುವ ಮೊದಲೇ ವಸೂಲಿ. ಇದು ಎಷ್ಟರಮಟ್ಟಿಗೆ ಇತ್ತೆಂದರೆ, 1929ರಲ್ಲಿ ನೇಮಕವಾದ ರಾಯಲ್ ಲೇಬರ್ ಕಮಿಷನ್ ತನ್ನ 1931ರ ವರದಿಯಲ್ಲಿ, ಸಾಲ ವಸೂಲಿಗೆ ಕಾರ್ಖಾನೆ ಬಾಗಿಲಲ್ಲಿ ಕಾದು ನಿಲ್ಲುವುದನ್ನೇ ಅಪರಾಧ ಮಾಡಬೇಕು ಅಂತ ಶಿಫಾರಸು ಮಾಡಿತು.

ಅಂಗಡಿಯ ಬೆಲೆ ಇಳಿಸದೆಯೇ ಬದುಕಿನ ಖರ್ಚು ಇಳಿಸುವ ದಾರಿ ಒಂದಿತ್ತು, ದುಡಿದ ದುಡ್ಡನ್ನು ಬೇಗ ಕೈಗೆ ಕೊಡುವುದು. ಅದಕ್ಕೆ ಕಾನೂನು ಬಂದದ್ದು 1936ರಲ್ಲಿ, ಪೇಮೆಂಟ್ ಆಫ್ ವೇಜಸ್ ಆಕ್ಟ್. ಸಾವಿರಕ್ಕಿಂತ ಕಡಿಮೆ ಕೆಲಸಗಾರರು ಇರುವ ಕಡೆ ತಿಂಗಳು ಮುಗಿದು 7 ದಿನದೊಳಗೆ, ಅದಕ್ಕಿಂತ ದೊಡ್ಡ ಕಾರ್ಖಾನೆಯಲ್ಲಿ 10 ದಿನದೊಳಗೆ ಸಂಬಳ ಕೊಡಲೇಬೇಕು ಎಂದಾಯಿತು. ಮನಸ್ಸಿಗೆ ಬಂದಂತೆ ದಂಡ ಹಾಕಿ ಸಂಬಳ ಮುರಿಯುವುದಕ್ಕೂ ಅದೇ ಕಾನೂನು ಮಿತಿ ಹಾಕಿತು.