ಕಾಲು ಅಗಲಿಸಿಕೊಂಡು ಹುಟ್ಟುವ ಕೋಳಿಮರಿಯನ್ನು ಉಳಿಸಿಕೊಳ್ಳಬಹುದೇ?

ಪ್ರಶ್ನೆ: ಮನೆಯಲ್ಲೇ ಸಣ್ಣ ಇನ್‌ಕ್ಯುಬೇಟರ್ ಇಟ್ಟುಕೊಂಡು ನಾಟಿ ಕೋಳಿಯ ಮೊಟ್ಟೆಗಳಿಂದ ಮರಿ ಮಾಡಿಸುತ್ತಿದ್ದೇವೆ. ಪ್ರತಿ ಸಲವೂ ಒಂದೆರಡು ಮರಿಗಳು ಕಾಲುಗಳನ್ನು ಎರಡೂ ಕಡೆಗೆ ಚಾಚಿಕೊಂಡು ನಿಲ್ಲಲಾರದೆ ಬೀಳುತ್ತವೆ; ಕೆಲವಕ್ಕೆ ಬೆರಳುಗಳು ಒಳಗೆ ಮಡಚಿಕೊಂಡಿರುತ್ತವೆ. ಹೇಂಟೆಯನ್ನೇ ಕಾವಿಗೆ ಕೂರಿಸುತ್ತಿದ್ದಾಗ ಹೀಗೆ ಆಗುತ್ತಿರಲಿಲ್ಲ. ಇಂಥ ಮರಿಗಳು ಸರಿಹೋಗುತ್ತವೆಯೇ?

ಉತ್ತರ: ನೀವು ಹೇಳಿರುವ ಎರಡೂ ತೊಂದರೆಗಳು ಬಹುಮಟ್ಟಿಗೆ ಸರಿಹೋಗುವಂಥವು. ಆದರೆ ಅದಕ್ಕೆ ಮರಿ ಹೊರಬಂದ ಮೊದಲ ಎರಡು ಮೂರು ದಿನಗಳೇ ಗಡುವು. ಮೂಳೆ ಮತ್ತು ಸ್ನಾಯುಗಳು ಮೃದುವಾಗಿರುವ ಆ ಅವಧಿಯಲ್ಲಿ ಸಣ್ಣದೊಂದು ಪಟ್ಟಿಯಿಂದ ಆಗುವ ಕೆಲಸ, ವಾರ ಕಳೆದ ಮೇಲೆ ಏನು ಮಾಡಿದರೂ ಆಗುವುದಿಲ್ಲ. ತಾನಾಗಿ ಸರಿಹೋಗುತ್ತದೆಂದು ಕಾಯುವುದರಿಂದಲೇ ಹೆಚ್ಚಿನ ಮರಿಗಳು ಕೈತಪ್ಪುತ್ತವೆ.

ಕಾಲು ಅಗಲಿಸುವುದಕ್ಕೆ ಸಾಮಾನ್ಯ ಕಾರಣ ನೆಲ. ಒದ್ದೆ ಮೈಯಲ್ಲಿ ಹೊರಬಂದ ಮರಿ ಮೊದಲ ಹೆಜ್ಜೆಯಿಡುವುದು ನುಣುಪಾದ ಪ್ಲಾಸ್ಟಿಕ್ ತಟ್ಟೆಯ ಮೇಲಾದರೆ, ಅಥವಾ ಪೆಟ್ಟಿಗೆಗೆ ಹಾಸಿದ ದಿನಪತ್ರಿಕೆಯ ಮೇಲಾದರೆ, ಕಾಲಿಗೆ ಹಿಡಿತ ಸಿಗದೆ ತೊಡೆಯ ಬುಡದಿಂದಲೇ ಜಾರಿಹೋಗುತ್ತದೆ. ಹೇಂಟೆಯ ಗೂಡಿನಲ್ಲಿ ಹುಲ್ಲು, ತರಗು ಇರುವುದರಿಂದ ಈ ತೊಂದರೆ ಕಡಿಮೆ. ಆದರೆ ಹೇಂಟೆಯ ಕೆಳಗೆ ಊನದ ಮರಿಗಳು ಹುಟ್ಟುವುದೇ ಇಲ್ಲವೆಂದು ತಿಳಿಯಬೇಡಿ. ನಿಲ್ಲಲಾರದ ಮರಿಯನ್ನು ಗೂಡಿನಲ್ಲೇ ಬಿಟ್ಟು ತಾಯಿ ಉಳಿದವುಗಳೊಂದಿಗೆ ಹೊರಟುಬಿಡುತ್ತದೆ, ಒಳಗೇ ಸತ್ತ ಮರಿ ಕೆಟ್ಟ ಮೊಟ್ಟೆಯ ಲೆಕ್ಕಕ್ಕೆ ಸೇರುತ್ತದೆ. ಇನ್‌ಕ್ಯುಬೇಟರಿನಲ್ಲಿ ಎಲ್ಲವೂ ನಮ್ಮ ಕಣ್ಣಿಗೆ ಬೀಳುತ್ತದೆ.

ಪಟ್ಟಿ ಕಟ್ಟುವ ಕ್ರಮ ಹೀಗಿದೆ. ಗಾಯಕ್ಕೆ ಹಚ್ಚುವ ಬ್ಯಾಂಡ್‌ಏಡ್ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಕತ್ತರಿಸಿಕೊಳ್ಳಿ. ನಡುವಿನ ಹತ್ತಿಯ ಭಾಗ ಎರಡು ಕಾಲುಗಳ ನಡುವಿನ ಅಂತರವಾಗಿ ಉಳಿಯುತ್ತದೆ, ಅಂಟಿನ ತುದಿಗಳನ್ನು ಮೊಣಕಾಲ ಗೆಣ್ಣಿಗಿಂತ ಕೆಳಗೆ ಒಂದೊಂದು ಕಾಲಿಗೂ ಸುತ್ತಿ, ಅಂಟು ಅಂಟಿಗೇ ಹಿಡಿಯುವಂತೆ ಮಡಚಬೇಕು. ಕಾಲುಗಳ ನಡುವೆ ಸುಮಾರು ಎರಡೂವರೆ ಸೆಂಟಿಮೀಟರ್ ಬಿಟ್ಟರೆ ಮರಿ ಸಹಜವಾಗಿ ನಿಲ್ಲುತ್ತದೆ. ಅದಕ್ಕಿಂತ ಹತ್ತಿರ ಎಳೆದರೆ ಮುಗ್ಗರಿಸುತ್ತದೆ. ಸುತ್ತು ಬಿಗಿಯಾಗಿ ಪಾದ ಊದಿಕೊಂಡಿದೆಯೇ, ಬಣ್ಣ ತಿರುಗಿದೆಯೇ ಎಂದು ದಿನಕ್ಕೆರಡು ಸಲ ನೋಡುತ್ತಿರಬೇಕು. ಕಟ್ಟಿದ ಕೂಡಲೇ ಮರಿ ಮಗ್ಗುಲಿಗೆ ಬಿದ್ದು ಒದ್ದಾಡುತ್ತದೆ. ಅದನ್ನು ಕಂಡು ಕನಿಕರದಿಂದ ಪಟ್ಟಿ ಬಿಚ್ಚುವವರೇ ಹೆಚ್ಚು, ಬಿಚ್ಚಬಾರದು. ಕೆಲವು ಗಂಟೆಗಳಲ್ಲಿ ಅದು ಹೊಂದಿಕೊಳ್ಳುತ್ತದೆ, ಸಾಮಾನ್ಯವಾಗಿ ಎರಡರಿಂದ ಐದು ದಿನಗಳಲ್ಲಿ ಕಾಲು ನೆಟ್ಟಗಾಗುತ್ತದೆ. ಈ ದಿನಗಳಲ್ಲಿ ಒರಟಾದ ಟವೆಲ್ ಅಥವಾ ರಬ್ಬರ್ ಮ್ಯಾಟ್ ಹಾಸಿರಬೇಕು (ಗೋಣಿಚೀಲವೂ ಆದೀತು, ಆದರೆ ಅದರ ಸಡಿಲ ಎಳೆಗಳು ಬೆರಳಿಗೆ ಸುತ್ತಿಕೊಳ್ಳುತ್ತವೆ). ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲುಗಳನ್ನು ಹಾಕಿಡುವುದು ಅಗತ್ಯ, ಏಕೆಂದರೆ ಕಾಲು ಕಟ್ಟಿದ ಮರಿ ಬಿದ್ದರೆ ಎರಡು ಬೆರಳಿನ ಆಳದ ನೀರಿನಲ್ಲೂ ಮುಳುಗಿ ಸಾಯುತ್ತದೆ.

ಮಡಚಿದ ಬೆರಳುಗಳಿಗೆ ಪಾದದ ಅಳತೆಗೆ ಕತ್ತರಿಸಿದ ತೆಳು ರಟ್ಟನ್ನು ಅಡಿಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಟುಪಟ್ಟಿಯಿಂದ ಹಿಡಿಸಿದರೆ ಒಂದೆರಡು ದಿನಗಳಲ್ಲಿ ನೇರವಾಗುತ್ತವೆ. ಆದರೆ ಹುಟ್ಟುವಾಗ ಚೆನ್ನಾಗಿದ್ದ ಮರಿ ಒಂದೆರಡು ವಾರದ ಮೇಲೆ ಬೆರಳು ಮುದುಡಿ ಗೆಣ್ಣಿನ ಮೇಲೆ ಕುಕ್ಕರಿಸಿ ನಡೆಯತೊಡಗಿದರೆ, ಅದು ರೈಬೊಫ್ಲೇವಿನ್ ಎಂಬ ಬಿ2 ಜೀವಸತ್ವದ ಕೊರತೆಯಿರಬಹುದು. ಬರೀ ಅಕ್ಕಿನುಚ್ಚು ಹಾಕಿ ಸಾಕುವ ಮನೆಗಳಲ್ಲಿ ಇದಕ್ಕೆ ಅವಕಾಶ ಹೆಚ್ಚು. ಆಗ ರಟ್ಟಿನಿಂದ ಪ್ರಯೋಜನವಿಲ್ಲ. ನೀರಿನಲ್ಲಿ ಬೆರೆಸುವ ಬಿ ಕಾಂಪ್ಲೆಕ್ಸ್ ಔಷಧಿಯನ್ನೂ ಮರಿಗಳಿಗೆಂದೇ ಬರುವ ಸ್ಟಾರ್ಟರ್ ಆಹಾರವನ್ನೂ ತಡಮಾಡದೆ ಕೊಡಬೇಕು.

ಪಟ್ಟಿ ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ಗೆಣ್ಣಿನ ಹಿಂಭಾಗವನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿದಾಗ ನರದಂಥ ಗಟ್ಟಿ ಎಳೆಯೊಂದು ನಡುವಿನ ಹಳ್ಳದಲ್ಲಿ ಕೂತಿರುವುದು ತಿಳಿಯುತ್ತದೆ. ಅದು ಪಕ್ಕಕ್ಕೆ ಜಾರಿ, ಗೆಣ್ಣು ಊದಿ, ಒಂದೇ ಕಾಲು ಹೊರಗೆ ತಿರುಚಿಕೊಂಡಿದ್ದರೆ ಅದು ಸ್ನಾಯುರಜ್ಜು ಜಾರಿದ ಲಕ್ಷಣ. ಮ್ಯಾಂಗನೀಸ್, ಕೋಲೀನ್ ಮುಂತಾದವುಗಳ ಕೊರತೆ ಇದಕ್ಕೊಂದು ಕಾರಣ. ಜಾರಿದ ದಿನವೇ ಪಶುವೈದ್ಯರಿಂದ ಅದನ್ನು ಸ್ಥಾನಕ್ಕೆ ಕೂರಿಸಿ ಕಟ್ಟಿಸಿದರೆ ಅಷ್ಟಿಷ್ಟು ಆಸೆಯಿದೆ. ತಡವಾದರೆ ಮರಿ ನೋವಿನಲ್ಲೇ ಬದುಕಬೇಕಾಗುತ್ತದೆ. ಅಂಥದ್ದನ್ನು ಎಳೆದಾಡಿಕೊಂಡು ಬದುಕಿಸುವುದು ದಯೆಯೆಂದು ನಾನು ಒಪ್ಪುವುದಿಲ್ಲ.

ಇನ್ನು, ಪ್ರತಿ ಸಲವೂ ಹೀಗಾಗುತ್ತಿದೆ ಎಂಬ ನಿಮ್ಮ ಮಾತಿಗೆ ಬರೋಣ. ನೆಲವನ್ನು ಸರಿಪಡಿಸಿದ ಮೇಲೂ ಹೀಗೇ ಆದರೆ ಕಾವಿನಲ್ಲೇ ದೋಷವಿದೆ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ಯಾನ್ ಇಲ್ಲದ್ದರಲ್ಲಿ ಮೇಲೆ ಬಿಸಿ, ಕೆಳಗೆ ತಂಪಾಗಿರುವುದರಿಂದ ಮೊಟ್ಟೆಗಳ ಮೇಲ್ಮಟ್ಟದಲ್ಲಿ 38.5ರ ಆಸುಪಾಸು ಇಡುತ್ತಾರೆ. ಮರಿಗಳು 21ನೆಯ ದಿನಕ್ಕಿಂತ ಮೊದಲೇ ಬಂದು ಹೊಕ್ಕುಳು ಸರಿಯಾಗಿ ಮುಚ್ಚಿರದಿದ್ದರೆ ಶಾಖ ಹೆಚ್ಚಾಗಿದೆ ಎಂದು ಊಹಿಸಬಹುದು. 22, 23ನೆಯ ದಿನದವರೆಗೆ ಎಳೆದು, ದೊಡ್ಡ ಹೊಟ್ಟೆಯ ಸೋಮಾರಿ ಮರಿಗಳು ಬಂದರೆ ಶಾಖ ಸಾಲದಾಗಿದೆ. ಅಗ್ಗದ ಪೆಟ್ಟಿಗೆಗಳ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಜ್ವರ ನೋಡುವ ಗಾಜಿನ ಥರ್ಮಾಮೀಟರ್ ಮನೆಯಲ್ಲಿದ್ದರೆ ಕೊಡವಿ ಇಳಿಸಿ ಮೊಟ್ಟೆಗಳ ನಡುವೆ ಮಲಗಿಸಿಡಿ. ಅದು ಏರಿದ ಮಟ್ಟದಿಂದ ತಾನಾಗಿ ಇಳಿಯುವುದಿಲ್ಲವಾದ್ದರಿಂದ, ರಾತ್ರಿ ನೀವು ಮಲಗಿದ್ದಾಗ ಶಾಖ ಎಷ್ಟರವರೆಗೆ ಏರಿತ್ತೆಂಬುದನ್ನೂ ಹೇಳುತ್ತದೆ.

ಕರೆಂಟ್ ಹೋಗುವ ಬಗ್ಗೆ ಎಲ್ಲರಿಗೂ ಭಯ. ಆದರೆ ಮೊಟ್ಟೆಗಳು ತಂಪನ್ನು ತಡೆಯುವಷ್ಟು ಬಿಸಿಯನ್ನು ತಡೆಯಲಾರವು. ಹೇಂಟೆಯೂ ದಿನಕ್ಕೊಮ್ಮೆ ಮೇವಿಗೆ ಎದ್ದುಹೋಗುತ್ತದೆ. ಒಂದೆರಡು ಗಂಟೆ ಕರೆಂಟ್ ಇಲ್ಲದಿದ್ದರೆ ಮುಚ್ಚಳ ತೆರೆಯದೆ ಸುಮ್ಮನಿರುವುದೇ ಕ್ಷೇಮ.

ತೇವಾಂಶ ಮೊದಲ 18 ದಿನ ಶೇಕಡ 50ರಿಂದ 55, ಕೊನೆಯ ಮೂರು ದಿನ 65ರಿಂದ 70 ಇರಬೇಕು. ಮಳೆಗಾಲದ ಕರಾವಳಿಯಲ್ಲಿ ನೀರಿನ ಬಟ್ಟಲು ಇಡದೆಯೇ ಇಷ್ಟು ಬರಬಹುದು, ಬೇಸಿಗೆಯ ಕಲಬುರಗಿಯಲ್ಲಿ ಎರಡು ಬಟ್ಟಲು ಇಟ್ಟರೂ ಸಾಲದೆ ಹೋಗಬಹುದು. ಆದ್ದರಿಂದ ತೇವಮಾಪಕ ನೋಡಿಯೇ ನಿರ್ಧರಿಸಬೇಕು. ಕೊನೆಯ ದಿನಗಳಲ್ಲಿ ಒಣಗಾಳಿಯಾದರೆ ಪೊರೆ ಅಂಟಿಕೊಂಡು ಮರಿ ಒಳಗೇ ಸಿಕ್ಕಿಬೀಳುತ್ತದೆ. ಮೊಟ್ಟೆಗಳನ್ನು ದಿನಕ್ಕೆ ಕನಿಷ್ಠ ಮೂರು ಸಲ, ಸಾಧ್ಯವಾದರೆ ಐದು ಸಲ ತಿರುಗಿಸಿ, 18ನೆಯ ದಿನ ನಿಲ್ಲಿಸಬೇಕು.

ಚಿಪ್ಪು ಒಡೆಯಲು ತೊಡಗಿದ ಮರಿಗೆ ಸಹಾಯ ಮಾಡುವ ಆತುರವೂ ಊನಕ್ಕೆ ದಾರಿ. ಮೊದಲ ತೂತಿನಿಂದ ಪೂರ್ತಿ ಹೊರಬರುವವರೆಗೆ ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ, ಆ ಹೊತ್ತಿನಲ್ಲೇ ಉಳಿದ ಹಳದಿ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಹಳದಿ ಹೊರಗೆ ನೇತಾಡುತ್ತಿದ್ದರೆ ಎಳೆಯಲೂ ಬಾರದು, ಕತ್ತರಿಸಲೂ ಬಾರದು. ಮರಿಯನ್ನು ಶುಚಿಯಾದ ಒದ್ದೆ ಬಟ್ಟೆಯ ಮೇಲೆ ಇನ್‌ಕ್ಯುಬೇಟರಿನಲ್ಲೇ ಬಿಡಬೇಕು. ಹೊಕ್ಕುಳಿಗೆ ಅಯೋಡಿನ್ ದ್ರಾವಣ ಹಚ್ಚಬಹುದು. ಆ ಹಳದಿಯ ಬಲದಿಂದಲೇ ಮರಿ ಎರಡು ದಿನ ಆಹಾರವಿಲ್ಲದೆ ಇರಬಲ್ಲದಾದ್ದರಿಂದ ಮೇವಿಗೆಂದು ಅವಸರಿಸಬೇಕಿಲ್ಲ.

ಕೊಕ್ಕು ಅಡ್ಡವಾಗಿರುವ ಮರಿಗೆ ಪಟ್ಟಿಯಿಂದ ಪರಿಹಾರವಿಲ್ಲ. ಆಳವಾದ ಬಟ್ಟಲಲ್ಲಿ ನೆನೆಸಿದ ಆಹಾರ ಕೊಟ್ಟರೆ, ಬೆಳೆಯುವ ತುದಿಯನ್ನು ಆಗಾಗ ಸವರಿಸಿದರೆ, ಸಾಧಾರಣ ಓರೆಯಿರುವವು ಚೆನ್ನಾಗಿಯೇ ಬದುಕುತ್ತವೆ. ಕತ್ತು ತಿರುಚಿ ಆಕಾಶ ನೋಡುವ ಎಳೆಮರಿಗೆ ಬಿ1 ಮತ್ತು ಇ ಜೀವಸತ್ವಗಳು ನೆರವಾಗಬಹುದು. ಆದರೆ ಚೆನ್ನಾಗಿದ್ದ ಹಿಂಡಿನಲ್ಲಿ ಹಲವು ಕೋಳಿಗಳಿಗೆ ಕತ್ತು ತಿರುಚುವಿಕೆ, ಹಸಿರು ಬೇಧಿ, ಏದುಸಿರು ಒಟ್ಟಿಗೆ ಕಂಡರೆ ಅದನ್ನು ಊನವೆಂದು ಭಾವಿಸದೆ ಕೊಕ್ಕರೆ ರೋಗವೆಂದು (ರಾಣಿಖೇತ್ ಎಂಬ ಅಂಟುರೋಗ) ಶಂಕಿಸಿ ಅಂದೇ ಪಶು ಆಸ್ಪತ್ರೆಗೆ ತಿಳಿಸಬೇಕು.

ಇಷ್ಟೆಲ್ಲ ಸರಿಯಿದ್ದೂ ಒಂದೇ ಬಗೆಯ ಊನ ಮರುಕಳಿಸಿದರೆ ತಾಯಿತಂದೆಗಳತ್ತ ನೋಡಬೇಕು. ವರ್ಷಗಟ್ಟಲೆ ಒಂದೇ ಹುಂಜ ತನ್ನ ಹೆಣ್ಣುಮರಿಗಳೊಂದಿಗೇ ಕೂಡುತ್ತಿದ್ದರೆ ಅಡಗಿದ್ದ ದೋಷಗಳು ಹೊರಬೀಳುತ್ತವೆ. ಮೊಟ್ಟೆಯಿಡುವ ಹೇಂಟೆಗಳಿಗೆ ಸತ್ವ ಸಾಲದಿದ್ದರೆ ಆ ಕೊರತೆ ಮೊಟ್ಟೆಯ ಮೂಲಕ ಮರಿಗೆ ಬರುತ್ತದೆ. ಹುಂಜವನ್ನು ಬೇರೆ ಊರಿನಿಂದ ತನ್ನಿ, ಕಾವಿಗಿಡುವ ಮೊಟ್ಟೆಗಳನ್ನು ಆರಿಸುವ ಎರಡು ಮೂರು ವಾರ ಮೊದಲಿಂದಲೇ ಹೇಂಟೆಗಳಿಗೆ ಸೊಪ್ಪು ಮತ್ತು ಸಮತೋಲನದ ಆಹಾರ ಹಾಕಿ. ಅಡ್ಡಕೊಕ್ಕಿನ ಕೋಳಿಯನ್ನು ಮನೆಯಲ್ಲಿ ಸಾಕಿಕೊಳ್ಳಲು ಅಡ್ಡಿಯಿಲ್ಲ; ಅದರ ಮೊಟ್ಟೆಯನ್ನು ಮಾತ್ರ ಕಾವಿಗೆ ಇಡಬೇಡಿ.