ಡೇಕೇರ್ ನೋಡೋಕೆ ಹೋದಾಗ ಏನು ನೋಡ್ಬೇಕು? ಮೊದಲು ಮಾವ್ಶಿ ಯಾರು ಅಂತ ಕೇಳಿ

ಓದುಗರ ಪ್ರಶ್ನೆ: ನಾವು ಪುಣೆಯ ವಾಕಡದಲ್ಲಿ ಇದೀವಿ, ಇಬ್ರಿಗೂ ಹಿಂಜವಡಿಯಲ್ಲಿ ಕೆಲಸ. ಮಗಳಿಗೆ ಈಗ ಒಂದು ಮುಕ್ಕಾಲು ವರ್ಷ. ಅತ್ತೆ ಊರಿಗೆ ವಾಪಸ್ ಹೋಗ್ತಿದಾರೆ, ಜೂನ್‌ನಿಂದ ಡೇಕೇರ್‌ಗೆ ಹಾಕಲೇಬೇಕು. ಐದಾರು ಕಡೆ ನೋಡಿ ಬಂದ್ವಿ, ಎಲ್ಲಾ ಕಡೆ ಸಿಸಿಟಿವಿ ಇದೆ, ಆಪ್ ಇದೆ, ಒಬ್ರು ಫೋನಿಕ್ಸ್ ಅಂತಾರೆ, ಇನ್ನೊಬ್ರು ಮಾಂಟೆಸರಿ ಅಂತಾರೆ, ತಲೆ ಕೆಟ್ಟು ಹೋಗಿದೆ. ಮನೇಲಿ ಬರೀ ಕನ್ನಡ, ಅವಳಿಗೆ ಮರಾಠಿ ಹಿಂದಿ ಏನೂ ಗೊತ್ತಿಲ್ಲ. ಏನು ನೋಡಿ ಆರಿಸಬೇಕು? ಬಿಟ್ಟು ಬರುವಾಗ ಹೇಳಿ ಬರ್ಬೇಕಾ, ಕಣ್ಣು ತಪ್ಪಿಸಿ ಬರ್ಬೇಕಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ನನಗೆ ನನ್ನ ಮಗನ ಆ ವರ್ಷ ಪೂರ್ತಿ ನೆನಪಾಯ್ತು. ನಮ್ಮದು ವಿಜಯಪುರ ಕಡೆ, ಮದುವೆ ಆದಾಗಿಂದ ಪುಣೆ, ಮಗನ್ನ ಡೇಕೇರ್‌ಗೆ ಹಾಕಿದಾಗ ಅವನಿಗೆ ಇಪ್ಪತ್ತೆರಡು ತಿಂಗಳು. ಎರಡು ಕಡೆ ಹಾಕಿದೀವಿ, ಮೊದಲನೇದು ತಪ್ಪಾಯ್ತು, ಎರಡನೇದು ಸರಿ ಹೋಯ್ತು, ಎರಡರ ನಡುವೆ ಇದ್ದ ವ್ಯತ್ಯಾಸ ಒಂದೇ, ಅಲ್ಲಿ ಮಗು ಜೊತೆ ದಿನವಿಡೀ ಯಾರು ಇರ್ತಿದ್ರು ಅನ್ನೋದು.

ಸೆಂಟರ್ ನೋಡೋಕೆ ಹೋದಾಗ ನಿಮ್ಮ ಹತ್ರ ಮಾತಾಡೋದು ಓನರ್ ಅಥವಾ ಕೌನ್ಸೆಲರ್ ಮೇಡಂ. ಅವರು ಚೆನ್ನಾಗೇ ಮಾತಾಡ್ತಾರೆ, ಅದು ಅವರ ಕೆಲಸ. ಆದ್ರೆ ನಿಮ್ಮ ಮಗಳ ಡೈಪರ್ ಬದಲಿಸೋದು, ಮೂಗು ಒರೆಸೋದು, ಊಟ ಮಾಡಿಸೋದು, ಮಧ್ಯಾಹ್ನ ತಟ್ಟಿ ಮಲಗಿಸೋದು ಎಲ್ಲಾ ಮಾವ್ಶಿ. ಇಲ್ಲಿ ಆಯಾ ಅನ್ನಲ್ಲ, ಮಾವ್ಶಿ ಅಂತಾರೆ, ನೀವೂ ಹಾಗೇ ಕರೀರಿ. ಹಾಗಾಗಿ ಮೇಡಂ ಮಾತು ಮುಗಿಸಿದ ಮೇಲೆ ಕೇಳಿ, ನಮ್ಮ ಮಗು ಯಾವ ಮಾವ್ಶಿ ಹತ್ರ ಇರುತ್ತೆ, ಅವರು ಇಲ್ಲಿ ಎಷ್ಟು ವರ್ಷದಿಂದ ಇದಾರೆ, ಅವರ ಹತ್ರ ಎರಡು ನಿಮಿಷ ಮಾತಾಡ್ಬಹುದಾ ಅಂತ. ಈ ಮೂರು ಪ್ರಶ್ನೆಗೆ ಬರೋ ಉತ್ತರದಲ್ಲೇ ಮುಕ್ಕಾಲು ವಿಷಯ ಗೊತ್ತಾಗುತ್ತೆ.

ನಾವು ಮೊದಲು ಹಾಕಿದ ಕಡೆ ಇದನ್ನ ಕೇಳಲೇ ಇಲ್ಲ. ಗೋಡೆ ತುಂಬಾ ಚಿತ್ರ, ಸಣ್ಣ ಸಣ್ಣ ಕುರ್ಚಿ, ಬಾಲ್ ಪೂಲ್, ಎಸಿ, ನೋಡಿದ ತಕ್ಷಣ ಅಡ್ವಾನ್ಸ್ ಕೊಟ್ಟು ಬಂದ್ವಿ. ನಾಲ್ಕು ತಿಂಗಳಲ್ಲಿ ಮೂರು ಮಾವ್ಶಿ ಬದಲಾದ್ರು. ಅವನು ಒಬ್ಬರಿಗೆ ಹೊಂದ್ಕೊಳ್ಳೋ ಅಷ್ಟರಲ್ಲಿ ಅವರು ಕೆಲಸ ಬಿಟ್ಟಿರ್ತಿದ್ರು, ಸಂಬಳ ಸಾಲ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಟಿಫಿನ್ ಡಬ್ಬಿ ಹೋದ ಹಾಗೇ ವಾಪಸ್ ಬರೋದು, ಆಪ್‌ನಲ್ಲಿ ಮಾತ್ರ ‘ಫಿನಿಶ್ಡ್ ಲಂಚ್’ ಅಂತ ಹಸಿರು ಟಿಕ್. ಮನೆಗೆ ಬಂದ ಮೇಲೆ ಅವನು ಅಳ್ತಿರಲಿಲ್ಲ, ಅದೇ ನನಗೆ ಮೋಸ ಮಾಡಿದ್ದು, ಅಳ್ತಿಲ್ಲ ಅಂದ್ರೆ ಆರಾಮಾಗಿದಾನೆ ಅಂದ್ಕೊಂಡೆ. ನಮ್ಮವ್ವ ಊರಿಂದ ಬಂದು ಎರಡು ದಿನ ನೋಡಿ ಹೇಳಿದ್ರು, ‘ಕೂಸು ಅಳೂದು ಬಿಟ್ಟೈತಿ ಅಂದ್ರ ಚಲೋ ಅಲ್ಲವಾ, ಮಾತೂ ಬಿಟ್ಟೈತಿ ನೋಡು’ ಅಂತ. ಹೌದು, ಅಷ್ಟೊಂದು ಮಾತಾಡ್ತಿದ್ದ ಮಗು ಸುಮ್ಮನೆ ಕೂತು ಚಪ್ಪಲಿ ಜೋಡಿಸ್ತಿತ್ತು. ಮಾರನೇ ದಿನದಿಂದ ಕಳಿಸಲಿಲ್ಲ, ಡೆಪಾಸಿಟ್ ಹೋಯ್ತು, ಹೋಗ್ಲಿ.

ಎರಡನೇದು ನಮ್ಮ ಪಕ್ಕದ ಸೊಸೈಟಿಯಲ್ಲಿ ಗ್ರೌಂಡ್ ಫ್ಲೋರ್ ಫ್ಲಾಟ್‌ನಲ್ಲಿ ಒಬ್ರು ಕಾಕೂ, ಅಂದ್ರೆ ಆಂಟಿ, ನಡೆಸೋ ಪಾಳಣಾಘರ. ಡೇಕೇರ್‌ಗೆ ಮರಾಠಿಯಲ್ಲಿ ಪಾಳಣಾಘರ ಅಂತಾರೆ, ತೊಟ್ಟಿಲ ಮನೆ, ನನಗೆ ಆ ಹೆಸರೇ ಇಷ್ಟ. ಬೋರ್ಡ್ ಇಲ್ಲ, ಬಾಲ್ ಪೂಲ್ ಇಲ್ಲ, ಚಾಪೆ, ಒಂದು ಮರದ ಕುದುರೆ, ಅಡುಗೆ ಮನೆಯಿಂದ ವರಣ್ ಭಾತ್, ಅಂದ್ರೆ ಬೇಳೆ ಅನ್ನದ ವಾಸನೆ. ಹನ್ನೊಂದು ಮಕ್ಕಳಿಗೆ ಇಬ್ಬರು ಮಾವ್ಶಿ, ಜೊತೆಗೆ ಕಾಕೂ, ಇಬ್ಬರೂ ಮಾವ್ಶಿ ಒಂಬತ್ತು ವರ್ಷದಿಂದ ಅಲ್ಲೇ. ನಾವು ಹೋದಾಗ ಒಬ್ರು ಮಾವ್ಶಿ ನಮ್ಮ ಕಡೆ ನೋಡಲೂ ಇಲ್ಲ, ನೇರ ನೆಲದ ಮೇಲೆ ಕೂತು ಅವನ ಎತ್ತರಕ್ಕೆ ಬಂದು ಒಂದು ಸ್ಟೀಲ್ ಲೋಟ ಮುಂದಿಟ್ಟು ಚಮಚದಿಂದ ಟಣ್ ಅಂತ ಬಾರಿಸಿದ್ರು. ಅವನು ನನ್ನ ಸೀರೆ ಸೆರಗು ಬಿಟ್ಟು ಆ ಚಮಚಕ್ಕೆ ಕೈ ಚಾಚಿದ. ಅಷ್ಟೇ ಸಾಕಾಯ್ತು ನನಗೆ.

ಹಾಗಂತ ಮನೆಯಲ್ಲಿ ನಡೆಸೋದೆಲ್ಲಾ ಒಳ್ಳೇದು, ಬ್ರ್ಯಾಂಡ್ ಇರೋದೆಲ್ಲಾ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ದೊಡ್ಡ ಸೆಂಟರ್‌ಗಳಲ್ಲೂ ಐದಾರು ವರ್ಷ ಉಳಿದ ಮಾವ್ಶಿಯರು ಇರ್ತಾರೆ, ಮನೆ ಪಾಳಣಾಘರದಲ್ಲಿ ಇಡೀ ದಿನ ಟಿವಿ ಹಚ್ಚಿ ಕೂರಿಸೋರೂ ಇದಾರೆ. ಅದಕ್ಕೇ ಹೇಳದೆ ಕೇಳದೆ ಒಂದ್ಸಲ ಹೋಗಿ, ಬೆಳಿಗ್ಗೆ ಹತ್ತಕ್ಕೆ ಬೇಡ, ಆಗ ಎಲ್ಲಾ ಕಡೆ ಚೆನ್ನಾಗೇ ಇರುತ್ತೆ. ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಹೊತ್ತಲ್ಲಿ ಹೋಗಿ, ಇಲ್ಲ ಸಂಜೆ ಆರೂವರೆಗೆ ಎಲ್ಲರೂ ಸುಸ್ತಾಗಿರೋ ಹೊತ್ತಲ್ಲಿ ಹೋಗಿ. ಒಳಗೆ ಬಿಡಲ್ಲ, ಅಪಾಯಿಂಟ್‌ಮೆಂಟ್ ಬೇಕು ಅಂದ್ರೆ ಆ ಹೆಸರು ಹೊಡೆದು ಹಾಕಿ. ಎರಡು ವರ್ಷದ ಮಕ್ಕಳು ನಾಲ್ಕೈದು ಜನಕ್ಕೆ ಒಬ್ಬ ಮಾವ್ಶಿ ಇದ್ರೆ ಚೆನ್ನ, ಅದಕ್ಕಿಂತ ಹೆಚ್ಚಾದ್ರೆ ಒಬ್ಬರಿಗೆ ಡೈಪರ್ ಬದಲಿಸುವಾಗ ಉಳಿದವರನ್ನ ನೋಡೋರು ಯಾರೂ ಇರಲ್ಲ, ಇದು ನನ್ನ ಅಭಿಪ್ರಾಯ, ನಿಂತು ನೋಡಿದ ಮೇಲೆ ಬಂದಿದ್ದು.

ಸಿಸಿಟಿವಿ ಬಗ್ಗೆ. 2016ರಲ್ಲಿ ನವಿ ಮುಂಬೈನ ಖಾರಘರದಲ್ಲಿ ಒಂದು ಕ್ರೆಷ್‌ನಲ್ಲಿ (ಡೇಕೇರ್‌ಗೇ ಇನ್ನೊಂದು ಹೆಸರು) ಹತ್ತು ತಿಂಗಳ ಮಗುವನ್ನ ಆಯಾ ಹೊಡೆದಿದ್ದು ಕ್ಯಾಮೆರಾದಲ್ಲೇ ರೆಕಾರ್ಡ್ ಆಗಿತ್ತು. ಕ್ಯಾಮೆರಾ ಇದ್ದಿದ್ದರಿಂದ ಸತ್ಯ ಹೊರಗೆ ಬಂತು, ಆದ್ರೆ ಆ ಹೊತ್ತಲ್ಲಿ ಅವಳ ಕೈ ತಡೆಯೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. 2024ರಲ್ಲಿ ಬದ್ಲಾಪುರದ ಶಾಲೆಯಲ್ಲಿ ಪುಟ್ಟ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆದ ಮೇಲೆ ಮಹಾರಾಷ್ಟ್ರ ಸರ್ಕಾರ ಶಾಲೆಗಳಿಗೆ ಸಿಸಿಟಿವಿ ಹಾಕಲೇಬೇಕು ಅಂತ ಆದೇಶ ಮಾಡ್ತು. ಕ್ಯಾಮೆರಾ ಇರಲಿ, ಬೇಕು, ರೆಕಾರ್ಡಿಂಗ್ ಎಷ್ಟು ದಿನ ಇಡ್ತೀರಿ ಅಂತಾನೂ ಕೇಳಿ. ಆದ್ರೆ ಅದರ ಜೊತೆ ಇನ್ನೂ ಮುಖ್ಯವಾದ್ದು ಕೇಳಿ, ಬಾತ್‌ರೂಮ್‌ಗೆ ಮಗುವನ್ನ ಕರ್ಕೊಂಡು ಹೋಗೋದು ಯಾರು, ಗಂಡಸರು ಯಾರಾದ್ರೂ ಒಳಗೆ ಓಡಾಡ್ತಾರಾ, ಯಾವ ಹೊತ್ತಲ್ಲಾದ್ರೂ ಒಬ್ಬರೇ ಮಾವ್ಶಿ ಮಕ್ಕಳ ಜೊತೆ ಇರ್ತಾರಾ, ಪಿಕಪ್‌ಗೆ ಬೇರೆ ಯಾರಾದ್ರೂ ಬಂದ್ರೆ ಹೆಂಗೆ ಖಾತ್ರಿ ಮಾಡ್ಕೋತೀರಿ. ಕೇಳೋಕೆ ಸಂಕೋಚ ಬೇಡ. ಸರಿಯಾಗಿ ನಡೆಸೋರು ಈ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ. ಗೋಡೆ ಮೇಲೆ ಫ್ರೇಮ್ ಹಾಕಿದ ಶಾಪ್ ಆಕ್ಟ್ ಕಾಗದ ತೋರಿಸಿದ್ರೆ ಅದು ಅಂಗಡಿಗೂ ಸಿಗೋ ಕಾಗದ, ಮಕ್ಕಳನ್ನ ಹೆಂಗೆ ನೋಡ್ಕೋತಾರೆ ಅಂತ ಅದರಲ್ಲಿ ಬರೆದಿರಲ್ಲ.

ಇನ್ನು ಫೋನಿಕ್ಸ್, ಮಾಂಟೆಸರಿ. ಫೋನಿಕ್ಸ್ ಅಂದ್ರೆ ಇಂಗ್ಲಿಷ್ ಅಕ್ಷರಗಳ ಸದ್ದು ಕಲಿಸೋದು, ಒಂದು ಮುಕ್ಕಾಲು ವರ್ಷಕ್ಕೆ ಅದು ಬೇಡವೇ ಬೇಡ. ಮಾಂಟೆಸರಿ ಅಂದ್ರೆ ಮಕ್ಕಳು ಸಾಮಾನು ಮುಟ್ಟಿ ತಾವೇ ಮಾಡಿ ಕಲಿಯೋ ಪದ್ಧತಿ, ಆದ್ರೆ ಆ ಹೆಸರು ಯಾರು ಬೇಕಾದ್ರೂ ಬೋರ್ಡ್ ಮೇಲೆ ಹಾಕ್ಕೋಬಹುದು, ಅದಕ್ಕೆ ಟ್ರೇನಿಂಗ್ ಆದ ಟೀಚರ್ ಇದಾರಾ ಕೇಳಿ, ಅಷ್ಟೇ. ಇದೇ ಮಹಾರಾಷ್ಟ್ರದಲ್ಲಿ ಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿ ಅನ್ನೋ ಊರಲ್ಲಿ ಬಾಲವಾಡಿ ಶುರು ಮಾಡಿದಾಗ ಮಾಂಟೆಸರಿಯ ದುಬಾರಿ ಸಾಮಾನು ಬಿಟ್ಟು ಆ ಊರಲ್ಲಿ ಕೈಗೆ ಸಿಗೋ ವಸ್ತುಗಳಿಂದಲೇ ಮಕ್ಕಳಿಗೆ ಕಲಿಸಿದ್ರು. ಸಾಮಾನು ಇಲ್ಲ ಅಂತ ನಿಮ್ಮ ಮಗಳಿಗೆ ಏನೂ ಕಮ್ಮಿ ಆಗಲ್ಲ. ಈಗ ಸೇರಿಸಿಲ್ಲ ಅಂದ್ರೆ ಮುಂದೆ ಸೀಟು ಸಿಗಲ್ಲ ಅಂತ ಹೆದರಿಸೋರೂ ಇರ್ತಾರೆ, ಹೆದರಬೇಡಿ, ಮಹಾರಾಷ್ಟ್ರದಲ್ಲಿ ಡಿಸೆಂಬರ್ 31ಕ್ಕೆ ಮೂರು ವರ್ಷ ತುಂಬಿದ್ರೆ ನರ್ಸರಿ, ಆರು ತುಂಬಿದ್ರೆ ಒಂದನೇ ಕ್ಲಾಸು. ಅವಳಿಗೆ ಇನ್ನೂ ಬೇಕಾದಷ್ಟು ಟೈಮ್ ಇದೆ.

ಭಾಷೆ ವಿಷಯಕ್ಕೆ ಬರ್ತೀನಿ, ಇದರ ಬಗ್ಗೆ ನನಗೆ ಹೇಳೋದು ಬಹಳ ಇದೆ. ಮಗುಗೆ ಗೊಂದಲ ಆಗುತ್ತೆ ಅನ್ನೋ ಭಯ ಬಿಡಿ. ಎರಡು ಮೂರು ಭಾಷೆ ಒಟ್ಟಿಗೆ ಕೇಳಿ ಬೆಳೆಯೋದ್ರಿಂದ ಮಾತು ತಡ ಆಗಲ್ಲ, ಸ್ವಲ್ಪ ದಿನ ಒಂದೇ ವಾಕ್ಯದಲ್ಲಿ ಎರಡು ಭಾಷೆ ಕಲಸಿ ಮಾತಾಡ್ತಾರೆ, ಅದು ಸಹಜ. ನಿಜವಾದ ತೊಂದರೆ ಮೊದಲ ಮೂರು ನಾಲ್ಕು ವಾರದ್ದು, ಮಗು ಹೇಳಿದ್ದು ಮಾವ್ಶಿಗೆ ತಿಳಿಯಲ್ಲ.

ನಮ್ಮ ಮಗ ಎರಡನೇ ದಿನ ಊಟದ ಹೊತ್ತಲ್ಲಿ ‘ಹಾಲು, ಹಾಲು’ ಅಂತ ಕೇಳಿದಾನೆ. ಮರಾಠಿಯಲ್ಲಿ ‘ಹಳೂಹಳೂ’ ಅಂದ್ರೆ ನಿಧಾನಕ್ಕೆ. ಮಾವ್ಶಿ ಪಾಪ ಅವನು ನಿಧಾನಕ್ಕೆ ತಿನಿಸು ಅಂತಿದಾನೆ ಅಂದ್ಕೊಂಡು ತುತ್ತು ಸಣ್ಣ ಮಾಡಿದಾರೆ, ಅವನು ಇನ್ನೂ ಜೋರಾಗಿ ‘ಹಾಲೂ’ ಅಂದಿದಾನೆ, ಅವರು ಇನ್ನೂ ನಿಧಾನ ಮಾಡಿದಾರೆ, ಕೊನೆಗೆ ಅವನು ತಟ್ಟೆ ತಳ್ಳಿ ಗೋಳೋ ಅಂತ ಅತ್ತಿದಾನೆ. ಸಂಜೆ ನಾನು ಹೋದಾಗ ಮಾವ್ಶಿ ಬಹಳ ಬೇಜಾರಲ್ಲಿ ಇದನ್ನ ಹೇಳಿದ್ರು, ಹಾಲು ಅಂದ್ರೆ ದೂಧ್ ಅಂತ ನಾನು ಹೇಳಿದ ತಕ್ಷಣ ಅವರ ಕಣ್ಣಲ್ಲಿ ನೀರು ಬಂತು, ‘ಅಷ್ಟೊತ್ತು ಹಾಲು ಕೇಳ್ತಿತ್ತಾ ಮಗು’ ಅಂತ. ಮೊದಲನೇ ಸೆಂಟರ್‌ನಲ್ಲಿ ಇಂಥದ್ದು ಎಷ್ಟು ಸಲ ಆಗಿರಬಹುದು, ಅಲ್ಲಿ ಯಾರೂ ನನಗೆ ಹೇಳಿರಲಿಲ್ಲ ಅಷ್ಟೇ.

ಅವತ್ತು ರಾತ್ರಿ ಒಂದು ಚೀಟಿ ಬರೆದೆ, ಎಡಗಡೆ ಅವನು ಹೇಳೋ ಕನ್ನಡ ಶಬ್ದ ದೇವನಾಗರಿಯಲ್ಲಿ, ಬಲಗಡೆ ಅದರ ಮರಾಠಿ. ನೀರು, ಹಾಲು, ಬೇಡ, ಸಾಕು, ಉಚ್ಚೆ, ನಿದ್ದಿ, ಅವ್ವ, ನೋವು. ಮಗು ಹೇಗೆ ಉಚ್ಚಾರ ಮಾಡುತ್ತೋ ಹಾಗೇ ಬರೀಬೇಕು, ಅವನು ನೀರಿಗೆ ‘ನೀನೂ’ ಅಂತಿದ್ದ, ಹಾಗೇ ಬರೆದೆ. ಕಾಕೂ ಅದನ್ನ ಫ್ರಿಜ್ ಮೇಲೆ ಅಂಟಿಸಿದ್ರು. ಒಂದು ಶಬ್ದ ಮಾತ್ರ ಹೊಳೆದಿರಲಿಲ್ಲ, ‘ಆಯಿ’. ಮರಾಠಿಯಲ್ಲಿ ಆಯಿ ಅಂದ್ರೆ ತಾಯಿ, ನಮ್ಮ ವಿಜಯಪುರ ಕಡೆ ಆಯಿ ಅಂದ್ರೆ ಅಜ್ಜಿ. ಸಂಜೆ ನಾನು ಬಾಗಿಲಿಗೆ ಬಂದ ಕೂಡಲೇ ಮಾವ್ಶಿ ‘ತುಝೀ ಆಯಿ ಆಲೀ’, ನಿನ್ನ ಅಮ್ಮ ಬಂದ್ಲು, ಅಂತ ಕೂಗೋದು, ಅವನು ಓಡಿ ಬಂದು ನನ್ನ ದಾಟಿ ಮೆಟ್ಟಿಲ ಕಡೆ ನೋಡೋದು, ಅಜ್ಜಿ ಎಲ್ಲಿ ಅಂತ. ಒಂದು ವಾರ ಆದ ಮೇಲೆ ನನಗೆ ತಿಳೀತು. ನಿಮ್ಮದು ಯಾವ ಕಡೆಯೋ ಗೊತ್ತಿಲ್ಲ, ನಿಮ್ಮ ಮನೆ ಶಬ್ದ ನೀವು ಪಟ್ಟಿ ಮಾಡಿ, ಚೀಟಿ ಮಾತ್ರ ಮರೀಬೇಡಿ. ಇನ್ನೊಂದು, ನೋಡೋಕೆ ಹೋದಾಗ ಮಗಳ ಹತ್ರ ಸ್ವಲ್ಪ ಜೋರಾಗೇ ಕನ್ನಡದಲ್ಲಿ ಮಾತಾಡಿ. ಸೊಲ್ಲಾಪುರ, ಅಕ್ಕಲಕೋಟ ಕಡೆಯಿಂದ ಬಂದ ಹೆಂಗಸರು ಪುಣೆಯಲ್ಲಿ ಇಂಥ ಕೆಲಸದಲ್ಲಿ ಇರ್ತಾರೆ, ಮೂಲೆಯಿಂದ ‘ಯಾವೂರ್ರೀ ನಿಮ್ದು’ ಅಂತ ಕೇಳಿಬಂದ್ರೂ ಬರಬಹುದು.

ಜಾಗ ಮನೆ ಹತ್ರ ನೋಡಿ, ಆಫೀಸ್ ಹತ್ರ ಬೇಡ ಅಂತ ನನ್ನ ಸಲಹೆ. ಜುಲೈ ಮಳೆಯಲ್ಲಿ ಭೂಮ್ಕರ್ ಚೌಕದ ಟ್ರಾಫಿಕ್‌ನಲ್ಲಿ ಹಸಿದ ಮಗುವನ್ನ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಒಂದು ಗಂಟೆ ನಿಲ್ಲೋದು ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಮನೆ ಹತ್ರ ಇದ್ರೆ ಇಬ್ಬರಲ್ಲಿ ಯಾರು ಮೊದಲು ಬರ್ತಾರೋ ಅವರು ಕರ್ಕೋಬಹುದು, ಪಕ್ಕದ ಮನೆಯವರೂ ಒಂದಿನ ಸಹಾಯಕ್ಕೆ ಬರ್ತಾರೆ. ನಿಮ್ಮ ಆಫೀಸ್‌ನಲ್ಲೇ ಕ್ರೆಷ್ ಇದ್ರೆ ಮಾತು ಬೇರೆ, ಎಚ್‌ಆರ್‌ಗೆ ಖಂಡಿತ ಕೇಳಿ. 2017ರ ಮೆಟರ್ನಿಟಿ ಬೆನಿಫಿಟ್ ತಿದ್ದುಪಡಿಯಲ್ಲಿ 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಕ್ರೆಷ್ ಸೌಲಭ್ಯ ಕಡ್ಡಾಯ ಆಯ್ತು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನ ನೋಡ್ಬಹುದು ಅಂತಾನೂ ಅದರಲ್ಲಿ ಬಂತು. ನಾವು ಯಾರೂ ಕೇಳಲ್ಲ, ಅವರಾಗೇ ಹೇಳಲ್ಲ.

ಇದನ್ನ ಬರೆಯುವಾಗ ಇನ್ನೊಂದು ಮನಸ್ಸಿಗೆ ಬರ್ತಿದೆ. ವಾಕಡ ಹಿಂಜವಡಿಯ ಈ ಬಿಲ್ಡಿಂಗ್ ಕಟ್ಟೋಕೆ ನಮ್ಮ ವಿಜಯಪುರ, ಕಲಬುರಗಿ ಕಡೆಯವರೂ ಬಂದಿದಾರೆ, ಅವರ ಮಕ್ಕಳೂ ಕನ್ನಡದಲ್ಲೇ ಹಾಲು ಕೇಳ್ತಾವೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಸೈಟ್‌ನಲ್ಲಿ 50ಕ್ಕಿಂತ ಹೆಚ್ಚು ಹೆಂಗಸರು ಇದ್ರೆ ಮಾತ್ರ ಕ್ರೆಷ್ ಅಂತ ಇತ್ತು, ಅಷ್ಟು ಹೆಂಗಸರು ಎಷ್ಟು ಸೈಟ್‌ನಲ್ಲಿ ಇರ್ತಾರೆ ಹೇಳಿ. ಪುಣೆಯಲ್ಲಿ ತಾರಾ ಮೊಬೈಲ್ ಕ್ರೆಷಸ್ ಅನ್ನೋ ಸಂಸ್ಥೆ ಸೈಟ್‌ಗಳಲ್ಲೇ ಈ ಮಕ್ಕಳಿಗೆ ಕ್ರೆಷ್ ನಡೆಸ್ತಾ ಬಂದಿದೆ. ನಿಮ್ಮ ಸೊಸೈಟಿ ಪಕ್ಕ ಕಟ್ಟಡ ಏಳ್ತಿದ್ರೆ ಅಲ್ಲಿ ಮಕ್ಕಳನ್ನ ಯಾರು ನೋಡ್ಕೋತಿದಾರೆ ಅಂತ ಬಿಲ್ಡರ್‌ಗೆ ಒಂದು ಮಾತು ಕೇಳಿ.

ಕಾಯಿಲೆ ಬಗ್ಗೆ ಚಿಕ್ಕದಾಗಿ. ಮೊದಲ ಕೆಲವು ತಿಂಗಳು ನೆಗಡಿ ಕೆಮ್ಮು ಬರ್ತಾನೇ ಇರುತ್ತೆ, ಮಳೆಗಾಲದಲ್ಲಿ ಕೈ ಕಾಲು ಬಾಯಲ್ಲಿ ಗುಳ್ಳೆ ಏಳೋ ಹ್ಯಾಂಡ್ ಫೂಟ್ ಮೌತ್ ಕೂಡ. ಜ್ವರ ಇರೋ ಮಗುವನ್ನ ಸೇರಿಸ್ಕೊಳ್ಳಲ್ಲ ಅಂತ ಹೇಳೋ ಸೆಂಟರ್ ಒಳ್ಳೇ ಸೆಂಟರ್, ನಿಮ್ಮ ರಜೆ ಹೋದ್ರೂ ಸರಿ. ಹಾಗಾಗಿ ಇಬ್ರೂ ಈಗಲೇ ಒಂದಷ್ಟು ರಜೆ ಉಳಿಸ್ಕೊಳ್ಳಿ, ತಾಯಿ ರಜೆ ಮಾತ್ರ ಖಾಲಿ ಆಗೋದು ಬೇಡ.

ಜೂನ್‌ನಿಂದ ಅಂದಿದೀರಿ. ಅತ್ತೆ ಹೋಗೋಕೆ ಮುಂಚೆ, ಮೇ ಮಧ್ಯದಲ್ಲೇ ಶುರು ಮಾಡಿ. ಮೊದಲ ಎರಡು ಮೂರು ದಿನ ಒಂದು ಗಂಟೆ, ನೀವೂ ಅಲ್ಲೇ ಕೂರಿ. ಆಮೇಲೆ ನೀವು ಹೊರಗೆ, ಆಮೇಲೆ ಊಟದ ತನಕ, ಆಮೇಲೆ ನಿದ್ದೆ ತನಕ. ‘ಗೇಟ್‌ನಲ್ಲೇ ಬಿಟ್ಟು ಹೋಗಿ, ಎರಡು ದಿನ ಅತ್ತು ಸುಮ್ಮನಾಗುತ್ತೆ’ ಅನ್ನೋರ ಹತ್ರ ಬಿಡಬೇಡಿ.

ಕೊನೆಗೆ ನೀವು ಕೇಳಿದ್ದು, ಹೇಳಿ ಬರ್ಬೇಕಾ ಅಂತ. ಹೇಳಿಯೇ ಬನ್ನಿ. ಕಣ್ಣು ತಪ್ಪಿಸಿ ಬಂದ್ರೆ ಆ ಹೊತ್ತಿಗೆ ಅಳು ತಪ್ಪುತ್ತೆ, ಆದ್ರೆ ಅಮ್ಮ ಯಾವಾಗ ಬೇಕಾದ್ರೂ ಮಾಯ ಆಗ್ತಾಳೆ ಅಂತ ಮಗು ಕಲಿಯುತ್ತೆ, ಮನೇಲೂ ಸೆರಗು ಬಿಡಲ್ಲ. ನಾವು ಹೋಗ್ತೀನಿ ಅನ್ನಲ್ಲ, ಹೋಗಿ ಬರ್ತೀನಿ ಅಂತೀವಲ್ಲ, ಮರಾಠಿಯವರೂ ಹಾಗೇ, ಹೊರಡುವಾಗ ‘ಯೇತೆ’ ಅಂತಾರೆ, ಬರ್ತೀನಿ ಅಂತ. ನಾನು ದಿನಾ ಅದನ್ನೇ ಹೇಳಿ ಒಂದೇ ಸಲ ತಬ್ಬಿ ತಿರುಗಿ ನೋಡದೆ ಬರ್ತಿದ್ದೆ. ಹದಿನೇಳು ದಿನ ಅತ್ತ, ಎಣಿಸಿದೀನಿ. ಹದಿನೆಂಟನೇ ದಿನ ಮಾವ್ಶಿ ಸೊಂಟದ ಮೇಲೆ ಕೂತು, ಕೈಯಲ್ಲಿ ಆ ಚಮಚ ಹಿಡ್ಕೊಂಡು, ನಾನು ಹೇಳೋಕೆ ಮುಂಚೆ ಅವನೇ ‘ಯೇತೆ’ ಅಂದ.