ಹಾಕಿ ತಂಡ ಊರು ಬಿಟ್ಟರೆ ಸಾಕುವವರು ಯಾರು?

ಪ್ರಶ್ನೆ: ಅಮೆರಿಕದ ಐಸ್ ಹಾಕಿ ತಂಡಗಳು ಗಂಟುಮೂಟೆ ಕಟ್ಟಿಕೊಂಡು ಊರೂರು ಬದಲಾಯಿಸುತ್ತವಂತೆ. ಇನ್ನೊಂದು ತಂಡ ಹೊರಟು ನಿಂತರೆ ಅದನ್ನು ಸಾಕುವ ತಾಕತ್ತು ಯಾವ ಊರಿಗಿದೆ? ಹ್ಯೂಸ್ಟನ್‌ನಲ್ಲಿರುವ ನಮ್ಮ ನೆಂಟರು ತಮ್ಮೂರಿಗೇ ಬರುತ್ತೆ ಅಂತಾರೆ. ನಿಜವಾ?

ಉತ್ತರ: ನಿಮ್ಮ ನೆಂಟರ ಮಾತಿನಲ್ಲಿ ಹುರುಳಿದೆ. ನನ್ನ ಲೆಕ್ಕದಲ್ಲೂ ಮೊದಲ ಹೆಸರು ಹ್ಯೂಸ್ಟನ್‌ದೇ. ಆದರೆ ಊರು ದೊಡ್ಡದು ಅನ್ನುವುದಷ್ಟೇ ಅದಕ್ಕೆ ಕಾರಣವಲ್ಲ.

ನೀವು ಹೇಳುವ ತಂಡಗಳು ಆಡುವುದು ಎನ್‌ಎಚ್‌ಎಲ್‌ನಲ್ಲಿ. ಎನ್‌ಎಚ್‌ಎಲ್ (ನ್ಯಾಷನಲ್ ಹಾಕಿ ಲೀಗ್) ಅನ್ನುವುದು ಅಮೆರಿಕ, ಕೆನಡಾ ಎರಡೂ ಕಡೆ ಆಡುವ 32 ತಂಡಗಳ ಲೀಗ್. ಐಪಿಎಲ್ ತಂಡ ತವರಿನಲ್ಲಿ ಏಳು ಲೀಗ್ ಪಂದ್ಯ ಆಡಿದರೆ ಮುಗೀತು. ಇಲ್ಲಿ ನಲವತ್ತಕ್ಕೂ ಜಾಸ್ತಿ. ಭಾನುವಾರ ಮಾತ್ರವಲ್ಲ, ಕೆಲಸದ ದಿನಗಳ ರಾತ್ರಿಯೂ ಕುರ್ಚಿ ತುಂಬಬೇಕು. ಅದಕ್ಕೇ ಎಲ್ಲರೂ ಮೊದಲು ನೋಡುವುದು ಕಟ್ಟಡವನ್ನು. ಅದು ಯಾರ ಕೈಯಲ್ಲಿದೆ, ಹಾಕಿಗೆ ಹೊಂದುತ್ತದೆಯೇ ಅನ್ನುವುದನ್ನು.

ಅರಿಜೋನಾ ಕಯೋಟೀಸ್ ಕತೆ ನೋಡಿ. 1996ರಲ್ಲಿ ಕೆನಡಾದ ವಿನಿಪೆಗ್‌ನಿಂದ ಅರಿಜೋನಾದ ಫೀನಿಕ್ಸ್‌ಗೆ ಬಂದ ತಂಡ. 2009ರಲ್ಲಿ ದಿವಾಳಿಯಾಯಿತು. ಕೊಳ್ಳಲು ಬಂದವರು ಕೆನಡಾದ ಹ್ಯಾಮಿಲ್ಟನ್‌ಗೆ ಒಯ್ಯುತ್ತೇವೆ ಅಂದರು, ಕೋರ್ಟು ಒಪ್ಪಲಿಲ್ಲ. ಮುಂದೆ, ತಂಡ ಆಡುತ್ತಿದ್ದ ಫೀನಿಕ್ಸ್ ಪಕ್ಕದ ಗ್ಲೆಂಡೇಲ್‌ನ ನಗರಾಡಳಿತ, 2021–22ರ ನಂತರ ಸ್ಟೇಡಿಯಂ ಬಾಡಿಗೆ ಕರಾರು ಮುಂದುವರಿಸಲ್ಲ ಎಂದಿತು. ಆಮೇಲೆ ಎರಡು ಸೀಸನ್ ಆ ತಂಡ ಆಡಿದ್ದು ಅಲ್ಲೇ ಹತ್ತಿರದ ಟೆಂಪಿಯ ಕಾಲೇಜು ರಿಂಕ್‌ನಲ್ಲಿ (ಐಸ್ ಅಂಕಣದಲ್ಲಿ)! ಅಲ್ಲಿ ಹಿಡಿಸುತ್ತಿದ್ದುದು ಸುಮಾರು 4,600 ಜನ. ಬೇರೆ ತಂಡಗಳ ಅರೀನಾಗಳಲ್ಲಿ ಹದಿನೇಳು, ಹದಿನೆಂಟು ಸಾವಿರ ಮಾಮೂಲು. ಟೆಂಪಿಯಲ್ಲೇ ಹೊಸದು ಕಟ್ಟುವ ಯೋಜನೆಯನ್ನು 2023ರ ಮೇನಲ್ಲಿ ಊರಿನ ಮತದಾರರು ಬೇಡ ಅಂದರು. 2024ರ ಏಪ್ರಿಲ್‌ನಲ್ಲಿ ತಂಡ ಸಾಲ್ಟ್ ಲೇಕ್ ಸಿಟಿ ಸೇರಿತು. ಬೆಲೆ 120 ಕೋಟಿ ಡಾಲರ್.

ಸಾಲ್ಟ್ ಲೇಕ್ ಸಿಟಿಗೇ ಯಾಕೆ? ಅದೇನೂ ಮಹಾನಗರವಲ್ಲ. ಆದರೆ ರಯನ್ ಸ್ಮಿತ್ ಎಂಬ ಮಾಲೀಕರ ಬಳಿ ಬ್ಯಾಸ್ಕೆಟ್‌ಬಾಲ್ ತಂಡವಿತ್ತು, ಅದು ಆಡುವ ಡೆಲ್ಟಾ ಸೆಂಟರ್ ಎಂಬ ಅರೀನಾ ಇತ್ತು, ದುಡ್ಡಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ವರ್ಷದ ಅಕ್ಟೋಬರ್‌ಗೇ ಆಡಿಸುತ್ತೇನೆ ಅನ್ನುವ ಧೈರ್ಯವಿತ್ತು.

ಹಾಗಂತ ಆ ಕಟ್ಟಡ ಸರಿಯಾಗಿತ್ತು ಅಂತಲ್ಲ. ಬ್ಯಾಸ್ಕೆಟ್‌ಬಾಲ್ ಅಂಕಣ 94 ಅಡಿ ಉದ್ದ, 50 ಅಡಿ ಅಗಲ. ಹಾಕಿ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಚಿಕ್ಕ ಅಂಕಣಕ್ಕೆ ಹತ್ತಿರವಾಗಲಿ ಅಂತ ಕಡಿದಾಗಿ ಕಟ್ಟಿದ ಕುರ್ಚಿ ಸಾಲುಗಳ ಕೆಳಗೆ ದೊಡ್ಡ ರಿಂಕ್ ನುಗ್ಗಿಬಿಡುತ್ತದೆ. ತುದಿಯಲ್ಲಿ ಮೇಲೆ ಕೂತವರಿಗೆ ತಮ್ಮ ಕಾಲ ಬುಡದಲ್ಲಿರುವ ಗೋಲ್ ಪೆಟ್ಟಿಗೆಯೇ ಕಾಣುವುದಿಲ್ಲ. ಅಲ್ಲಿ ಮೊದಲ ಸೀಸನ್‌ನಲ್ಲಿ ಕೆಲವು ಸೀಟುಗಳನ್ನು ‘ಒಂದೇ ಗೋಲ್ ಕಾಣುವ ಸೀಟು’ ಎಂದು ಹೇಳಿಯೇ ಮಾರಿದರು. ಪ್ರಾಮಾಣಿಕರು ಪಾಪ! ಆಮೇಲೆ ಕಟ್ಟಡದ ಒಳಗನ್ನೇ ಬದಲಾಯಿಸುವ ಕೆಲಸ ಶುರುವಾಯಿತು.

ಈಗ ಹ್ಯೂಸ್ಟನ್. ನಗರ ಮತ್ತು ಸುತ್ತಮುತ್ತ ಸೇರಿ 70 ಲಕ್ಷಕ್ಕೂ ಹೆಚ್ಚು ಜನ. 2003ರಲ್ಲಿ ತೆರೆದ ಟೊಯೋಟಾ ಸೆಂಟರ್‌ನಲ್ಲಿ ಏರೋಸ್ ಅನ್ನುವ ಕೆಳಹಂತದ ಹಾಕಿ ತಂಡ ಹತ್ತು ವರ್ಷ ಆಡಿದೆ, ಅಂದರೆ ಐಸ್ ಅಲ್ಲಿಗೆ ಹೊಸದಲ್ಲ. ಎಪ್ಪತ್ತರ ದಶಕದಲ್ಲಿ ಇದೇ ಹೆಸರಿನ ಇನ್ನೊಂದು ತಂಡದಲ್ಲಿ ದಿಗ್ಗಜ ಗಾರ್ಡಿ ಹೌ ತಮ್ಮ ಇಬ್ಬರು ಗಂಡುಮಕ್ಕಳ ಜೊತೆ ಆಡಿದ್ದರು. ಅದೇ ಟೆಕ್ಸಸ್ ರಾಜ್ಯದಲ್ಲಿ ಎನ್‌ಎಚ್‌ಎಲ್ ತಂಡವಿರುವ ಡಲ್ಲಾಸ್ ಇದೆ, ಜಗಳಕ್ಕೆ ಜನ ರೆಡಿ. ಟೊಯೋಟಾ ಸೆಂಟರ್‌ನಲ್ಲೇ ಆಡುವ ಬ್ಯಾಸ್ಕೆಟ್‌ಬಾಲ್ ತಂಡ ರಾಕೆಟ್ಸ್‌ನ ಮಾಲೀಕ ಟಿಲ್ಮನ್ ಫರ್ಟಿಟಾ ಮನಸ್ಸು ಮಾಡಬೇಕು, ಅಷ್ಟೇ. ಅವರು ವ್ಯಾಪಾರಿ. ಲೆಕ್ಕ ಕೂಡಿಬರದೆ ಒಂದು ಹೆಜ್ಜೆಯೂ ಇಡಲ್ಲ.

ನನ್ನ ಮನಸ್ಸು ಇರುವುದು ಕೆನಡಾದ ಕ್ವಿಬೆಕ್ ಸಿಟಿ ಕಡೆ. ಅಲ್ಲಿನ ನಾರ್ಡಿಕ್ಸ್ ತಂಡ 1995ರಲ್ಲಿ ಅಮೆರಿಕದ ಡೆನ್ವರ್‌ಗೆ ಹೋಯಿತು. ಹೋದ ಮೊದಲ ಸೀಸನ್‌ನಲ್ಲೇ, 1996ರಲ್ಲಿ ಲೀಗ್‌ನ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಬಿಟ್ಟುಹೋದ ಮಗ ಪಕ್ಕದ ಊರಲ್ಲಿ ಕೋಟ್ಯಧಿಪತಿಯಾದ ಹಾಗೆ. ತಂಡ ವಾಪಸ್ ಬರಲಿ ಅಂತ 18 ಸಾವಿರ ಸೀಟಿನ ವಿಡಿಯೋಟ್ರಾನ್ ಸೆಂಟರ್ ಕಟ್ಟಿ 2015ರಲ್ಲಿ ತೆರೆದರು. ಹಾಕಿಗೆ ಹೇಳಿ ಮಾಡಿಸಿದ್ದು. ಜನರಿಗೆ ಆಟದ ಹುಚ್ಚು. ಆದರೂ ಆಗುತ್ತಿಲ್ಲ. ಟಿಕೆಟ್ ದುಡ್ಡು ಬರುವುದು ಕೆನಡಾ ಡಾಲರ್‌ನಲ್ಲಿ, ಆಟಗಾರರಿಗೆ ಕೊಡಬೇಕಾದದ್ದು ಅಮೆರಿಕದ ಡಾಲರ್‌ನಲ್ಲಿ. 2025–26ರಲ್ಲಿ ಒಂದು ತಂಡದ ಸಂಬಳದ ಮಿತಿಯೇ 9.55 ಕೋಟಿ ಅಮೆರಿಕನ್ ಡಾಲರ್. ಊರೂ ಚಿಕ್ಕದು. ಜೊತೆಗೆ ಲೀಗ್‌ನ ಪೂರ್ವ, ಪಶ್ಚಿಮ ಎರಡೂ ವಿಭಾಗಗಳಲ್ಲಿ ಈಗ ತಲಾ 16 ತಂಡಗಳಿವೆ. ಪಶ್ಚಿಮದ ತಂಡವೊಂದು ಕ್ವಿಬೆಕ್‌ಗೆ ಬಂದರೆ ಪೂರ್ವದ ಯಾರನ್ನೋ ಆ ಕಡೆಗೆ ತಳ್ಳಬೇಕು.

ಅಟ್ಲಾಂಟ ಎರಡು ಸಲ ಕಳೆದುಕೊಂಡ ಊರು. ಫ್ಲೇಮ್ಸ್ 1980ರಲ್ಲಿ ಕ್ಯಾಲ್ಗರಿಗೆ ಹೋಯಿತು, ಥ್ರ್ಯಾಶರ್ಸ್ 2011ರಲ್ಲಿ ವಿನಿಪೆಗ್‌ಗೆ. ವಿನಿಪೆಗ್‌ನವರು 13 ಸಾವಿರ ಸೀಸನ್ ಟಿಕೆಟ್‌ಗಳನ್ನು ಕೆಲವೇ ದಿನಗಳಲ್ಲಿ ಖಾಲಿ ಮಾಡಿದರು. ಆದರೂ ಆ ತಂಡ ಎರಡು ಸೀಸನ್ ದೂರದ ದಕ್ಷಿಣದಲ್ಲಿರುವ ಫ್ಲಾರಿಡಾದ ತಂಡಗಳ ವಿಭಾಗದಲ್ಲೇ ಆಡಬೇಕಾಯಿತು. ಒಂದು ತಂಡ ಊರು ಬದಲಿಸಿದರೆ ಎಷ್ಟು ತಲೆಬಿಸಿ ಅಂತ ಇದರಲ್ಲೇ ಗೊತ್ತಾಗುತ್ತೆ ಅಲ್ವಾ? ಅಟ್ಲಾಂಟದ ಉತ್ತರದ ಉಪನಗರಗಳಲ್ಲಿ ಹೊಸ ಅರೀನಾ ಮಾತು ನಡೆದಿದೆ. ಅಲ್ಲಿಗೆ ಬಂದರೆ ಬಹುಶಃ ಹೊಸದಾಗಿ ಹುಟ್ಟುವ ತಂಡ, ಓಡಿಬಂದ ತಂಡವಲ್ಲ. ಹೊಸ ತಂಡವಾದರೆ ಪ್ರವೇಶ ಶುಲ್ಕ ಉಳಿದ ಮಾಲೀಕರಿಗೆ ಹಂಚಿಕೆಯಾಗುತ್ತದೆ. ಸಿಯಾಟಲ್ ಕೊಟ್ಟದ್ದು 65 ಕೋಟಿ ಡಾಲರ್. ಯಾರಿಗೆ ಬೇಡ?

ಕ್ಯಾನ್ಸಸ್ ಸಿಟಿಯ ಹೆಸರೂ ಆಗಾಗ ಬರುತ್ತದೆ. ಅಲ್ಲಿ 2007ರಿಂದ ಒಳ್ಳೆಯ ಅರೀನಾ ಇದೆ, ಕಾಯಂ ತಂಡವಿಲ್ಲ. ಸಂಗೀತ ಕಾರ್ಯಕ್ರಮಗಳಿಂದಲೇ ಚೆನ್ನಾಗಿ ನಡೆಯುತ್ತಿದೆ. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಅಲ್ಲಿಗೆ ಹೋಗುತ್ತದೆ ಅಂತ ಆಗ ದೊಡ್ಡ ಗುಲ್ಲೆದ್ದಿತ್ತು. ಪಿಟ್ಸ್‌ಬರ್ಗ್ ಹೊಸ ಅರೀನಾಕ್ಕೆ ಒಪ್ಪಿತು, ತಂಡ ಅಲ್ಲೇ ಉಳಿಯಿತು. ಅದೆಲ್ಲ ಒತ್ತಡ ಹೇರಲು ಮಾಡಿದ್ದು, ಹೋಗುವ ಯೋಚನೆ ಇರಲೇ ಇಲ್ಲ ಎಂದು ಆಮೇಲೆ ಮಾಲೀಕ ಮಾರಿಯೋ ಲೆಮ್ಯೂ ಅವರೇ ಹೇಳಿದರು. ಹಾಗಾಗಿ ಇನ್ನೊಂದು ಸಲ ‘ಆ ತಂಡ ಹ್ಯೂಸ್ಟನ್‌ಗೆ ಬರುತ್ತಂತೆ’ ಅಂತ ನಿಮ್ಮ ನೆಂಟರು ಫೋನ್ ಮಾಡಿದರೆ, ಆ ತಂಡದ ಈಗಿನ ಅರೀನಾ ಕರಾರು ಎಂದು ಮುಗಿಯುತ್ತೆ ಅಂತ ಮೊದಲು ಕೇಳಿ.